ಹಗ್ಗ ಸಡಿಲವಾದ ಬಗೆ

ನಾಯಿಯ ಕೊರಳಪಟ್ಟಿಗೆ ಸಿಕ್ಕಿಸುವ ಹಗ್ಗದ ತುದಿಯಲ್ಲಿ ಒಂದು ಕೊಕ್ಕೆ ಇರುತ್ತದೆ. ನಾಯಿ ಜಗ್ಗದೆ ನಡೆಯುತ್ತಿದೆಯೇ ಎಂದು ತಿಳಿಯಲು ಅದರ ಮುಖ ನೋಡಬೇಕಿಲ್ಲ, ಹಗ್ಗ ಹಿಡಿದವರ ಕೈಯನ್ನೂ ನೋಡಬೇಕಿಲ್ಲ. ಆ ಕೊಕ್ಕೆಯನ್ನು ನೋಡಿದರೆ ಸಾಕು. ಹಗ್ಗ ಸಡಿಲವಾಗಿದ್ದರೆ ಕೊಕ್ಕೆ ತನ್ನ ಭಾರಕ್ಕೆ ನೆಲದ ಕಡೆ ಜೋತುಬಿದ್ದಿರುತ್ತದೆ. ಬಿಗಿಯಾದರೆ ಅದು ಅಡ್ಡಲಾಗಿ ಮಲಗುತ್ತದೆ. ಎಳೆಯ ನಾಯಿಗೆ ಆ ಕೊಕ್ಕೆ ಜೋತುಬೀಳುವಂತೆ ನಡೆಯಲು ಹೇಗೆ ಕಲಿಸಬೇಕು ಎಂಬ ಪ್ರಶ್ನೆಗೆ ಬೇಟೆಗಾರರು, ಪೊಲೀಸರು, ಸೈನಿಕರು, ಪ್ರಯೋಗಾಲಯದ ಮನಶ್ಶಾಸ್ತ್ರಜ್ಞರು, ಕಡೆಗೆ ಡಾಲ್ಫಿನ್ ಪಳಗಿಸುವವರೂ ಉತ್ತರ ಹುಡುಕಿದ್ದಾರೆ. ಇದು ನಾಯಿ ಸಾಕುವ ಕೆಲವರ ಹವ್ಯಾಸದ ಮಾತಷ್ಟೇ ಅಲ್ಲ. ನಮ್ಮ ಊರುಗಳಲ್ಲಿ ಜಗ್ಗುವ ನಾಯಿಯ ಪಾಡನ್ನು ನಾನು ಬಹಳ ಸಲ ಕಂಡಿದ್ದೇನೆ. ವರ್ಷ ತುಂಬುವ ಹೊತ್ತಿಗೆ ಅದರ ಬಲಕ್ಕೆ ಮನೆಯವರ ಕೈ ಸೋಲುತ್ತದೆ, ವಾಕಿಂಗ್ ನಿಲ್ಲುತ್ತದೆ, ಆಮೇಲೆ ಗೇಟಿನ ಪಕ್ಕವೋ ಮೆಟ್ಟಿಲ ಕೆಳಗೋ ಸರಪಳಿಯಲ್ಲೇ ಅದರ ಆಯಸ್ಸು ಕಳೆಯುತ್ತದೆ.

ಹಗ್ಗದ ಬಗ್ಗೆ ಬರೆದವರಲ್ಲಿ ತೀರ ಹಳಬನೊಬ್ಬ ಗ್ರೀಸಿನ ಕ್ಸೆನೊಫೋನ್. ಕ್ರಿ.ಪೂ. 4ನೇ ಶತಮಾನದ ಅವನ ಬೇಟೆಯ ಗ್ರಂಥದಲ್ಲಿ ಒಂದು ಸಣ್ಣ ಸೂಚನೆ ಇದೆ: ಮೈಕೂದಲು ಉಜ್ಜಿಹೋಗದಂತೆ ಕೊರಳಪಟ್ಟಿ ಮೆತ್ತಗೆ, ಅಗಲವಾಗಿ ಇರಬೇಕು, ಹಗ್ಗಕ್ಕೆ ಕೈ ತೂರಿಸುವ ಕುಣಿಕೆ ಸಾಕು, ಬೇರೇನೂ ಬೇಡ. ಮುಂದಿನವರು ಈ ಮೆತ್ತನೆಯ ಪಟ್ಟಿಯನ್ನು ಮರೆತರು. 19ನೇ ಶತಮಾನದ ಇಂಗ್ಲೆಂಡಿನಲ್ಲಿ ಬಂದೂಕಿನ ಬೇಟೆಗೆ ನಾಯಿ ತಯಾರು ಮಾಡುವ ಕೆಲಸಕ್ಕೆ ‘ಬ್ರೇಕಿಂಗ್’ ಎಂದೇ ಹೆಸರು. ನಾಯಿಯ ಹಟ ಮುರಿಯಬೇಕು ಎನ್ನುವುದು ಅದರ ಅರ್ಥ. ಒಳಗೆ ಮುಳ್ಳಿರುವ ಪಟ್ಟಿ ಅದರ ಸಾಧನ. ಇದಕ್ಕೆ ಎದುರು ನಿಂತ ಒಂದು ಪುಸ್ತಕ ಅಮೆರಿಕದಲ್ಲಿ 1882ರಲ್ಲಿ ಬಂತು. ಎಸ್. ಟಿ. ಹ್ಯಾಮಂಡ್ ಎಂಬ ಬೇಟೆಗಾರ ತನ್ನ ಪುಸ್ತಕದ ಹೆಸರಿನಲ್ಲೇ ಕಲಿಸುವುದನ್ನೂ ಮುರಿಯುವುದನ್ನೂ ಎದುರುಬದುರು ನಿಲ್ಲಿಸಿ, ಮರಿ ಸರಿಯಾಗಿ ಮಾಡಿದಾಗ ಮಾಂಸದ ತುಣುಕು ಕೊಡಿ, ಹೊಗಳಿ ಎಂದ. ಅವನ ಮಾತು ಆಗ ಹೆಚ್ಚು ದೂರ ಹೋಗಲಿಲ್ಲ.

ದೂರ ಹೋದದ್ದು ಜರ್ಮನಿಯ ಕೊನ್ರಾಡ್ ಮೋಸ್ಟ್‌ನ ಮಾತು. ಪೊಲೀಸ್ ನಾಯಿಗಳ ತರಬೇತುದಾರನಾಗಿದ್ದ ಆತನ ಕೈಪಿಡಿ 1910ರಲ್ಲಿ ಪ್ರಕಟವಾಯಿತು. ಅವನು ಒರಟನಾದರೂ ದಡ್ಡನಲ್ಲ. ನಾಯಿ ಮನುಷ್ಯನಂತೆ ಯೋಚಿಸುವುದಿಲ್ಲ, ಮಾಡಿದ್ದಕ್ಕೂ ಮರುಕ್ಷಣ ಸಿಕ್ಕಿದ್ದಕ್ಕೂ ಗಂಟು ಹಾಕಿಕೊಂಡು ಕಲಿಯುತ್ತದೆ ಎಂಬುದನ್ನು ಪ್ರಯೋಗಾಲಯಗಳು ಬೆಳೆಯುವ ಮೊದಲೇ ಸ್ಪಷ್ಟವಾಗಿ ಹಿಡಿದಿದ್ದ. ಆದರೆ ಅವನ ಗಂಟಿನ ಒಂದು ತುದಿಯಲ್ಲಿ ಮುಳ್ಳುಪಟ್ಟಿಯ ಜಗ್ಗು ಇತ್ತು, ಇನ್ನೊಂದು ತುದಿಯಲ್ಲಿ ಹೊಗಳಿಕೆ. ಎರಡು ಮಹಾಯುದ್ಧಗಳಲ್ಲಿ ಸೇನೆಯ ನಾಯಿಗಳು ಕಲಿತದ್ದು ಹೆಚ್ಚುಕಡಿಮೆ ಇದೇ ಬಗೆಯಲ್ಲಿ. ಯುದ್ಧ ಮುಗಿದ ಮೇಲೆ ಆ ತರಬೇತುದಾರರು ಊರಿಗೆ ಮರಳಿ ಮನೆನಾಯಿಗಳ ತರಗತಿ ತೆರೆದರು.

ಅಷ್ಟರಲ್ಲಿ ಸ್ಪರ್ಧೆಯೂ ಹುಟ್ಟಿತ್ತು. 1933ರಲ್ಲಿ ಹೆಲೆನ್ ವೈಟ್‌ಹೌಸ್ ವಾಕರ್ ನ್ಯೂಯಾರ್ಕ್ ರಾಜ್ಯದಲ್ಲಿ ನಾಯಿಗಳ ವಿಧೇಯತೆಯ ಪರೀಕ್ಷೆ ನಡೆಸಿದರು. 1936ರಲ್ಲಿ ಅಮೆರಿಕನ್ ಕೆನಲ್ ಕ್ಲಬ್ ಅದಕ್ಕೆ ಮನ್ನಣೆ ಕೊಟ್ಟಿತು. ಯಜಮಾನರ ಎಡಗಾಲಿಗೆ ಅಂಟಿಕೊಂಡಂತೆ ನಾಯಿ ನಡೆಯುವ ‘ಹೀಲ್’ ಆ ಪರೀಕ್ಷೆಯ ಮುಖ್ಯ ಅಂಗ. ಎಡಗಡೆಯೇ ಏಕೆ ಎಂದರೆ, ಬೇಟೆಗಾರನ ಬಲಗೈಯಲ್ಲಿ ಬಂದೂಕು ಇರುತ್ತಿತ್ತು ಎನ್ನುತ್ತಾರೆ. ನನ್ನ ಮಟ್ಟಿಗೆ ಈ ಕ್ಷೇತ್ರದ ದೊಡ್ಡ ಗೊಂದಲ ಶುರುವಾದದ್ದು ಇಲ್ಲೇ. ಮೈದಾನದಲ್ಲಿ ಕೆಲವು ನಿಮಿಷ ತೋರಿಸಬೇಕಾದ ಕಸರತ್ತನ್ನು ಜನ ಬೀದಿಯಲ್ಲಿ ಮುಕ್ಕಾಲು ಗಂಟೆ ನಿರೀಕ್ಷಿಸತೊಡಗಿದರು. ಎಂಟು ತಿಂಗಳ ಮರಿಗೆ ಅದು ಆಗದ ಕೆಲಸ, ಬೇಕಿಲ್ಲದ ಕೆಲಸ ಕೂಡ. ಮರಿ ಒಂದೆರಡು ಅಡಿ ಮುಂದೆ ಇದ್ದರೇನು, ಹಿಂದೆ ಇದ್ದರೇನು, ಹಗ್ಗ ಸಡಿಲವಿದ್ದರಾಯಿತು.

1962ರಲ್ಲಿ ಬಂದ ವಿಲಿಯಂ ಕೋಹ್ಲರ್ ಅವರ ಪುಸ್ತಕ ಮುಂದಿನ ಎರಡು ದಶಕ ಅಮೆರಿಕದ ತರಗತಿಗಳನ್ನು ಆಳಿತು. ಕೋಹ್ಲರ್ ಸೇನೆಯ ನಾಯಿಗಳಿಗೂ ವಾಲ್ಟ್ ಡಿಸ್ನಿ ಸ್ಟುಡಿಯೋದ ನಾಯಿಗಳಿಗೂ ತರಬೇತಿ ಕೊಟ್ಟವರು. ಅವರ ಮೊದಲ ವಾರದ ಪಾಠ ಹೀಗಿದೆ: ಸುಮಾರು 15 ಅಡಿಯ ಹಗ್ಗ ಹಿಡಿದು, ನಾಯಿಯೊಂದಿಗೆ ಒಂದು ಮಾತೂ ಆಡದೆ, ಗೊತ್ತುಮಾಡಿಕೊಂಡ ಜಾಗಕ್ಕೆ ನೆಟ್ಟಗೆ ನಡೆಯಿರಿ. ನಾಯಿ ಬೇರೆ ಕಡೆ ನುಗ್ಗಿದರೆ ತಟ್ಟನೆ ತಿರುಗಿ ಎದುರು ದಿಕ್ಕಿಗೆ ಹೋಗಿರಿ. ಉದ್ದ ಹಗ್ಗ ಮುಗಿದಾಗ ನಾಯಿಯ ಕೊರಳಿಗೆ ಪೆಟ್ಟು ಬೀಳುತ್ತದೆ. ಕೆಲವೇ ದಿನಗಳಲ್ಲಿ ಅದು ಯಜಮಾನರ ಮೇಲೆ ಕಣ್ಣಿಟ್ಟು ನಡೆಯುತ್ತದೆ. ಈ ಪಾಠದ ಒಳಗೆ ಒಂದು ಒಳ್ಳೆಯ ಸಂಗತಿ ಅಡಗಿತ್ತು. ನಾಯಿ ಜಗ್ಗಿದ ಕಡೆ ಮನುಷ್ಯ ಹೋಗುವುದಿಲ್ಲ ಎಂಬುದೇ ಅದು. ಅದಕ್ಕೆ ಕೊರಳಿನ ಪೆಟ್ಟು ಬೇಕಿರಲಿಲ್ಲ ಎಂದು ತಿಳಿಯಲು ಬಹಳ ಕಾಲ ಹಿಡಿಯಿತು. 1980ರಲ್ಲಿ ಬಿಬಿಸಿಯಲ್ಲಿ ಬಂದ ಬಾರ್ಬರಾ ವುಡ್‌ಹೌಸ್ ಅವರ ಕಾರ್ಯಕ್ರಮ, ಎಳೆದರೆ ಕೊರಳಿಗೆ ಬಿಗಿಯುವ ಚೋಕ್ ಚೈನನ್ನು ಬ್ರಿಟನ್ನಿನ ಮನೆಮನೆಗೆ ತಲುಪಿಸಿತು. ನಮ್ಮಲ್ಲಿ ಇವತ್ತಿಗೂ ಹಲವು ಪೆಟ್ ಅಂಗಡಿಗಳಲ್ಲಿ ನಾಯಿ ಜಗ್ಗುತ್ತದೆ ಎಂದರೆ ಮೊದಲು ಕೈಗೆ ಬರುವುದು ಅದೇ ಸರಪಳಿ.

ಪ್ರಯೋಗಾಲಯದ ಕಥೆ ಬೇರೆ ದಾರಿಯಲ್ಲಿ ಸಾಗಿತ್ತು. 1898ರಲ್ಲಿ ಎಡ್ವರ್ಡ್ ಥಾರ್ನ್‌ಡೈಕ್ ಹಸಿದ ಬೆಕ್ಕುಗಳನ್ನು ಅಗುಳಿ ಹಾಕಿದ ಪೆಟ್ಟಿಗೆಯಲ್ಲಿಟ್ಟು, ಅವು ಹೊರಬರಲು ಹಿಡಿಯುವ ಸಮಯ ದಾಖಲಿಸಿದ. ಹಿತವಾದ ಫಲ ಕೊಟ್ಟ ನಡೆ ಮತ್ತೆ ಮತ್ತೆ ಬರುತ್ತದೆ ಎಂಬ ನಿಯಮ ಅಲ್ಲಿಂದ ಹೊರಟಿತು. ಬಿ. ಎಫ್. ಸ್ಕಿನ್ನರ್ 1938ರ ಪುಸ್ತಕದಲ್ಲಿ ಅದನ್ನು ವಿಸ್ತರಿಸಿದರು. 1951ರಲ್ಲಿ ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆಯಲ್ಲಿ, ಟಿಕ್ ಎಂದು ಸದ್ದು ಮಾಡುವ ಮಕ್ಕಳ ಆಟಿಕೆಯೊಂದರಿಂದ ಮನೆಯ ನಾಯಿಗೆ ಹೇಗೆ ಕಲಿಸಬಹುದು ಎಂದು ಸಾಮಾನ್ಯ ಓದುಗರಿಗೇ ಬರೆದರು. ಅವರ ಶಿಷ್ಯರಾದ ಕೆಲ್ಲರ್ ಮತ್ತು ಮೇರಿಯನ್ ಬ್ರೆಲಂಡ್ ದಂಪತಿ ಇದನ್ನೇ ಕಸುಬು ಮಾಡಿಕೊಂಡರು.

ಜಗ್ಗುವ ಮರಿಗೆ ಈ ನಿಯಮ ಹಚ್ಚಿ ನೋಡಬೇಕು. ಮರಿ ಲೈಟುಕಂಬದ ಕಡೆ ಜಗ್ಗುತ್ತದೆ. ನಾವು ಅದರ ಹಿಂದೆ ನಾಲ್ಕು ಹೆಜ್ಜೆ ಹಾಕುತ್ತೇವೆ. ಕಂಬ ಸಿಕ್ಕಿತು. ಜಗ್ಗಿದರೆ ಕಂಬ ಸಿಗುತ್ತದೆ ಎಂಬ ಪಾಠ ಮುಗಿಯಿತು. ದಿನಕ್ಕೆ ಇಂಥ ನೂರು ಪಾಠ. ಮರಿಯನ್ನು ಗದರುವ ಬಾಯಿ ಒಂದು ಹೇಳಿದರೆ ಹಿಂದೆ ಹೋಗುವ ಕಾಲು ಇನ್ನೊಂದು ಹೇಳುತ್ತದೆ, ಮರಿ ನಂಬುವುದು ಕಾಲನ್ನು. ಇದರ ಮೇಲೆ ಇನ್ನೊಂದು ತೊಡಕಿದೆ. ಫಲ ಪ್ರತಿಸಲ ಸಿಗುವುದಕ್ಕಿಂತ ಆಗೊಮ್ಮೆ ಈಗೊಮ್ಮೆ ಸಿಕ್ಕರೆ ಆ ನಡೆ ಹೆಚ್ಚು ಗಟ್ಟಿಯಾಗುತ್ತದೆ ಎಂದು ಫರ್ಸ್ಟರ್ ಮತ್ತು ಸ್ಕಿನ್ನರ್ 1957ರ ಬೃಹತ್ ಗ್ರಂಥದಲ್ಲಿ ಪಾರಿವಾಳಗಳ ಮೂಲಕ ತೋರಿಸಿದ್ದರು. ನಮ್ಮ ಮನೆಗಳಲ್ಲಿ ನಡೆಯುವುದು ಅದೇ. ಅಪ್ಪ ನಿಲ್ಲುತ್ತಾರೆ, ಮಗ ಓಡುತ್ತಾನೆ. ಭಾನುವಾರ ತಾಳ್ಮೆ ಇರುತ್ತದೆ, ಸೋಮವಾರ ಆಫೀಸಿಗೆ ಹೊತ್ತಾಗಿರುತ್ತದೆ. ‘ಎಷ್ಟು ಹೇಳಿಕೊಟ್ಟರೂ ಇದಕ್ಕೆ ಬುದ್ಧಿ ಬರಲಿಲ್ಲ’ ಎಂದು ಬೈಸಿಕೊಳ್ಳುವ ನಾಯಿ ಕಲಿತಿರುವುದು ಬಹಳ, ಅದೂ ಅಳಿಸಲಾಗದಷ್ಟು ಚೆನ್ನಾಗಿ.

ಈ ತಿಳಿವಳಿಕೆ ಬೀದಿಗೆ ಬರಲು ಮೂವತ್ತು ವರ್ಷ ಹಿಡಿಯಿತು. ಹವಾಯಿಯಲ್ಲಿ ಡಾಲ್ಫಿನ್‌ಗಳಿಗೆ ಕಲಿಸುತ್ತಿದ್ದ ಕ್ಯಾರನ್ ಪ್ರಯರ್ 1984ರಲ್ಲಿ ‘ಡೋಂಟ್ ಶೂಟ್ ದ ಡಾಗ್’ ಬರೆದರು. ನೀರಿನಲ್ಲಿರುವ ಡಾಲ್ಫಿನ್‌ಗೆ ಕೊರಳಪಟ್ಟಿ ಹಾಕಲಾಗದು, ಬೇಡವೆನಿಸಿದರೆ ಅದು ಈಜಿಕೊಂಡು ಹೋಗುತ್ತದೆ. ಹಗ್ಗವೇ ಇಲ್ಲದೆ ಕಲಿಸಿದ ಅನುಭವ ಹಗ್ಗದ ಪಾಠವನ್ನು ಬದಲಿಸಿದ್ದು ನನಗೆ ಈ ಇತಿಹಾಸದಲ್ಲೇ ತುಂಬಾ ಇಷ್ಟವಾದ ಸಂಗತಿ. ಅದೇ ದಶಕದಲ್ಲಿ ಪಶುವೈದ್ಯ ಇಯನ್ ಡನ್‌ಬಾರ್ ಕ್ಯಾಲಿಫೋರ್ನಿಯಾದಲ್ಲಿ ಪುಟ್ಟ ಮರಿಗಳಿಗೆಂದೇ ಹಗ್ಗವಿಲ್ಲದ ತರಗತಿ ನಡೆಸಿದರು. ಅದಕ್ಕೂ ಮುಂಚೆ ಆರು ತಿಂಗಳಾದ ಮೇಲೇ ಪಾಠ ಎನ್ನುವುದು ರೂಢಿಯಾಗಿತ್ತು, ಏಕೆಂದರೆ ಅದಕ್ಕಿಂತ ಎಳೆಯ ಕೊರಳು ಆ ಹಳೆಯ ಜಗ್ಗುಗಳನ್ನು ತಾಳುತ್ತಿರಲಿಲ್ಲ.

ನಡುವೆ ತೋಳದ ಪ್ರಕರಣ. 1947ರಲ್ಲಿ ರುಡಾಲ್ಫ್ ಶೆಂಕೆಲ್ ಮೃಗಾಲಯದಲ್ಲಿ ಕೂಡಿಹಾಕಿದ್ದ ತೋಳಗಳ ಕಾದಾಟ ನೋಡಿ ಬರೆದ ಪ್ರಬಂಧದಿಂದ, ಗುಂಪಿಗೊಬ್ಬ ದೊರೆ ಇರುತ್ತಾನೆ ಎಂಬ ನಂಬಿಕೆ ಹರಡಿತು. ಮುಂದೆ ನಡೆಯುವ ನಾಯಿ ನಿಮ್ಮ ದೊರೆತನ ಕಸಿಯುತ್ತಿದೆ ಎಂದು ತರಬೇತುದಾರರು ಹೇಳತೊಡಗಿದರು, ಟಿ.ವಿ. ಅದಕ್ಕೆ ಇನ್ನಷ್ಟು ಬಲ ಕೊಟ್ಟಿತು. ಆದರೆ 1970ರ ತಮ್ಮ ಪುಸ್ತಕದಲ್ಲಿ ಈ ಮಾತನ್ನು ಹರಡಿದ್ದ ಡೇವಿಡ್ ಮೆಕ್ ಅವರೇ, ಕೆನಡಾದ ಎಲ್ಸ್‌ಮಿಯರ್ ದ್ವೀಪದ ಕಾಡುತೋಳಗಳನ್ನು ಬೇಸಿಗೆಯಿಂದ ಬೇಸಿಗೆಗೆ ನೋಡಿದ ಮೇಲೆ 1999ರಲ್ಲಿ ತಿದ್ದಿಕೊಂಡರು. ಕಾಡಿನ ಗುಂಪು ಎಂದರೆ ಅಪ್ಪ, ಅಮ್ಮ, ಮಕ್ಕಳು, ಅಷ್ಟೇ. ಮರಿ ಮುಂದೆ ನುಗ್ಗುವುದಕ್ಕೆ ಸಿಂಹಾಸನದ ಆಸೆ ಕಾರಣವಲ್ಲ. ಅದರ ಸಹಜ ನಡಿಗೆ ನಮ್ಮದಕ್ಕಿಂತ ವೇಗ, ಮೂಗಿನ ಮುಂದೆ ಲೋಕವೇ ಹರಡಿಕೊಂಡಿದೆ.

ಸಾಧನಗಳ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಬ್ರಿಟನ್ನಿನ ರೋಜರ್ ಮಗ್‌ಫರ್ಡ್, ಮಿನೆಸೋಟಾದ ಆರ್. ಕೆ. ಆಂಡರ್ಸನ್ 1980ರ ದಶಕದಲ್ಲಿ ಕುದುರೆಯ ಮುಖಕ್ಕೆ ಹಾಕುವ ಪಟ್ಟಿಯಂಥದ್ದನ್ನು ನಾಯಿಗೆ ಹೊಂದಿಸಿದರು. ಆಮೇಲೆ ಎದೆಯ ಮುಂದೆ ಕೊಕ್ಕೆ ಹಾಕುವ ಬಾಡಿ ಬೆಲ್ಟ್ ಬಂತು. ನಾಯಿ ಜಗ್ಗಿದರೆ ಅದರ ಮೈ ನಮ್ಮ ಕಡೆ ತಿರುಗುತ್ತದೆ. ಬೆನ್ನ ಮೇಲೆ ಕೊಕ್ಕೆ ಇರುವ ಬೆಲ್ಟಿನ ಗುಣ ಬೇರೆ. ಸೈಬೀರಿಯಾದ ಝೊಖೊವ್ ದ್ವೀಪದಲ್ಲಿ ಸುಮಾರು 9 ಸಾವಿರ ವರ್ಷ ಹಳೆಯ ಹಿಮಬಂಡಿಯ ಅವಶೇಷಗಳು ಸಿಕ್ಕಿವೆ; ಬಂಡಿ ಎಳೆಯುವ ನಾಯಿಗೆ ಮೈಪಟ್ಟಿ ಹಾಕುವುದೇ ಅದು ಎದೆಗೊಟ್ಟು ಸಲೀಸಾಗಿ ಎಳೆಯಲಿ ಎಂದು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ ಆಶ್ರಯಧಾಮದ ನಾಯಿಗಳ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲೂ ಕೊರಳಪಟ್ಟಿಗಿಂತ ಬೆನ್ನಕೊಕ್ಕೆಯ ಬೆಲ್ಟಿನಲ್ಲೇ ನಾಯಿಗಳು ಹೆಚ್ಚು ಜಗ್ಗಿದವು. ಹಾಗೆಂದು ಅದನ್ನು ಬಿಸಾಡಬೇಕಿಲ್ಲ. ಕೊರಳಪಟ್ಟಿ ಬಿಗಿದು ಎಳೆದಾಗ ನಾಯಿಯ ಕಣ್ಣಿನ ಒಳಒತ್ತಡ ಏರುತ್ತದೆ, ಬಾಡಿ ಬೆಲ್ಟಿನಲ್ಲಿ ಹಾಗೆ ಏರುವುದಿಲ್ಲ ಎಂದು 2006ರ ಅಧ್ಯಯನ ತೋರಿಸಿದೆ. 2020ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಟ್ರೆಂಟ್ ವಿಶ್ವವಿದ್ಯಾಲಯದವರು ಕೃತಕ ಕತ್ತಿನ ಮೇಲೆ ಹಲವು ಬಗೆಯ ಪಟ್ಟಿಗಳನ್ನು ಎಳೆದು ಅಳೆದಾಗ, ಗಾಯದ ಅಪಾಯವಿಲ್ಲ ಎನ್ನಬಹುದಾದ ಪಟ್ಟಿ ಒಂದೂ ಸಿಗಲಿಲ್ಲ. ಮೊದಲೇ ಉಸಿರಿಗೆ ಕಷ್ಟಪಡುವ ಪಗ್‌ನಂಥ ಚಪ್ಪಟೆಮೂತಿಯ ನಾಯಿಗೆ ಕೊರಳಿನಲ್ಲಿ ಹಗ್ಗ ಕಟ್ಟಲೇಬಾರದು ಎಂಬುದು ನನ್ನ ನಿಲುವು.

ಹೊಡೆತವೋ ತಿಂಡಿಯೋ ಎಂಬ ವಾದಕ್ಕೂ ಈ ಶತಮಾನದಲ್ಲಿ ಅಂಕಿ-ಅಂಶ ಸೇರಿದವು. 2004ರಲ್ಲಿ ಬ್ರಿಟನ್ನಿನಲ್ಲಿ 364 ನಾಯಿ ಮಾಲೀಕರನ್ನು ಕೇಳಿದಾಗ, ಬಹುಮಾನದಿಂದ ಕಲಿಸಿದವರ ನಾಯಿಗಳು ಹೆಚ್ಚು ಮಾತು ಕೇಳುತ್ತಿದ್ದವು. ಶಿಕ್ಷೆ ಹೆಚ್ಚಿದ್ದ ಕಡೆ ತೊಂದರೆಯ ನಡವಳಿಕೆಗಳೂ ಹೆಚ್ಚಿದ್ದವು. 2020ರಲ್ಲಿ ಪೋರ್ಚುಗಲ್‌ನ ತರಬೇತಿ ಶಾಲೆಗಳ 92 ನಾಯಿಗಳನ್ನು ಪಾಠದ ಹೊತ್ತಿನಲ್ಲೇ ಚಿತ್ರೀಕರಿಸಿ, ಜೊಲ್ಲಿನಲ್ಲಿರುವ ಒತ್ತಡದ ಹಾರ್ಮೋನ್ ಕಾರ್ಟಿಸೋಲ್ ಅಳೆದರು. ಜಗ್ಗು-ಗದರಿಕೆಯ ಶಾಲೆಗಳಲ್ಲಿ ತುಟಿ ನೆಕ್ಕುವುದು, ಆಕಳಿಸುವುದು, ಏದುಸಿರು ಎಲ್ಲ ಹೆಚ್ಚು, ಕಾರ್ಟಿಸೋಲೂ ಹೆಚ್ಚು.

ನಮ್ಮ ಚುಕ್ಕಿ ಮೈಸೂರಿನ ಬೀದಿಯಲ್ಲಿ ಸಿಕ್ಕ ಮರಿ. ಆರು ತಿಂಗಳಾದಾಗ ಒಬ್ಬ ತರಬೇತುದಾರರು ಬಂದು ಚೋಕ್ ಚೈನ್ ಹಾಕಿದರು. ನಾಲ್ಕನೆಯ ದಿನ ಅವಳು ಕೆಮ್ಮಿದ ಸದ್ದಿಗೆ ನಾನು ಆ ಪಾಠ ನಿಲ್ಲಿಸಿದೆ. ಆಮೇಲಿನದು ನಿಧಾನದ ಕೆಲಸ. ಗೇಟಿನಿಂದ ಮೂಲೆಯ ಹೊಂಗೆಮರಕ್ಕೆ ಐವತ್ತು ಹೆಜ್ಜೆ, ಮೊದಲ ದಿನ ನಲವತ್ತು ನಿಮಿಷ. ಹಗ್ಗ ಬಿಗಿಯಾದ ಕೂಡಲೇ ನಾನು ನಿಲ್ಲುತ್ತಿದ್ದೆ, ಮಾತಿಲ್ಲ, ಜಗ್ಗುವುದಿಲ್ಲ. ಅವಳ ಮುಂಗಾಲು ನೆಲ ಕೆರೆಯುತ್ತಿತ್ತು. ಕಾಯುತ್ತಿದ್ದರೆ ಒಂದು ಕ್ಷಣ ಬರುತ್ತಿತ್ತು: ಎಡಗಿವಿ ಮಾತ್ರ ಹಿಂದಕ್ಕೆ ಹೊರಳುತ್ತಿತ್ತು, ಆಮೇಲೆ ಹಿಂಗಾಲಿನ ಭಾರ ಸ್ವಲ್ಪ ಸಡಿಲವಾಗಿ ಕೊಕ್ಕೆ ಕೆಳಗೆ ಬೀಳುತ್ತಿತ್ತು. ಆ ಕ್ಷಣಕ್ಕೇ ‘ಹ್ಞಾಂ’ ಎಂದು, ಬೇಯಿಸಿದ ಕೋಳಿಯ ಚೂರನ್ನು ನನ್ನ ಎಡ ಮೊಣಕಾಲಿನ ಪಕ್ಕ ಕೊಟ್ಟು ಹೆಜ್ಜೆ ಹಾಕುತ್ತಿದ್ದೆ. ತಿಂಡಿ ಕೊಡುವ ಜಾಗ ಮುಖ್ಯ. ಮುಂದೆ ಚಾಚಿ ಕೊಟ್ಟರೆ ಮರಿ ಮುಂದೆ ಬರುತ್ತದೆ, ಪಕ್ಕದಲ್ಲಿ ಕೊಟ್ಟರೆ ಪಕ್ಕಕ್ಕೆ.

ಕೆಲಸ ಕೆಡುತ್ತಿದ್ದದ್ದು ಬೆಳಗಿನ ಹಾಲಿನ ಹೊತ್ತಿನಲ್ಲಿ. ಅತ್ತೆ ಅವಳನ್ನು ಕರೆದೊಯ್ದು, ಜಗ್ಗಿದಲ್ಲೆಲ್ಲ ಬಿಡುತ್ತಿದ್ದರು. ‘ಪಾಪ, ಅದಕ್ಕೂ ನಾಲ್ಕು ಕಡೆ ಮೂಸಬೇಕು ಅನ್ನಿಸಲ್ವೇನಮ್ಮ’ ಎನ್ನುತ್ತಿದ್ದರು. ಅವರ ಮಾತು ಸರಿಯಿತ್ತು. ಮೂಗಿನಿಂದ ಹುಡುಕುವ ಆಟ ಆಡಿದ ನಾಯಿಗಳು, ಯಜಮಾನರ ಪಕ್ಕದಲ್ಲಿ ಹೀಲ್ ಅಭ್ಯಾಸ ಮಾಡಿದ ನಾಯಿಗಳಿಗಿಂತ ಹೆಚ್ಚು ಭರವಸೆಯಿಂದ ವರ್ತಿಸಿದವು ಎಂದು 2019ರಲ್ಲಿ ಶಾರ್ಲೊಟ್ ಡ್ಯುರಾಂಟನ್ ಮತ್ತು ಅಲೆಕ್ಸಾಂಡ್ರಾ ಹೊರೊವಿಟ್ಜ್ ಪ್ರಕಟಿಸಿದ್ದಾರೆ. ನಾರ್ವೆಯ ತರಬೇತುದಾರೆ ತೂರಿಡ್ ರುಗೋಸ್ ಕೂಡ ಉದ್ದನೆಯ ಹಗ್ಗ, ನಿಧಾನದ ನಡಿಗೆ ಎಂದು ಬಹಳ ಕಾಲದಿಂದ ಹೇಳುತ್ತ ಬಂದವರು. ಹಾಗಾಗಿ ನಾವಿಬ್ಬರೂ ಕೂತು ಒಂದು ಒಪ್ಪಂದಕ್ಕೆ ಬಂದೆವು. ಹಾಲಿನ ಹೊತ್ತಿಗೆ ಬಾಡಿ ಬೆಲ್ಟ್, ಉದ್ದ ಹಗ್ಗ, ಅವಳ ಮೂಗು ಕರೆದ ಕಡೆ. ನನ್ನ ಜತೆ ಸಂಜೆ ಎದೆಕೊಕ್ಕೆಯ ಬೇರೆ ಬೆಲ್ಟ್, ಸಡಿಲ ಹಗ್ಗ. ಯಾವ ಬೆಲ್ಟಿಗೆ ಯಾವ ನಿಯಮ ಎಂದು ಚುಕ್ಕಿಗೆ ಎರಡು ವಾರದಲ್ಲಿ ಗೊತ್ತಾಯಿತು.

ಹೊರದೇಶದ ಪುಸ್ತಕಗಳಲ್ಲಿ ಇಲ್ಲದ ಒಂದು ಅಧ್ಯಾಯ ನಮ್ಮದು. ಇಲ್ಲಿ ಪ್ರತಿ ತಿರುವಿನಲ್ಲೂ ಬೀದಿನಾಯಿಗಳ ಬೇರೆ ಬೇರೆ ಗುಂಪಿರುತ್ತದೆ. ಅವು ಎದ್ದು ಬಂದಾಗ ನಿಂತು ಕಾಯುವ ಪಾಠ ನಡೆಯುವುದಿಲ್ಲ. ಹಗ್ಗ ಬಿಗಿ ಹಿಡಿದಷ್ಟೂ ನಮ್ಮ ನಾಯಿಯ ಎದೆ ಉಬ್ಬಿ, ಕತ್ತು ಮೇಲೆದ್ದು, ಎದುರಿನವಕ್ಕೆ ಅದು ಜಗಳದ ಭಂಗಿಯಾಗಿ ಕಾಣುತ್ತದೆ. ದೂರದಲ್ಲೇ ನೋಡಿ, ಅರ್ಧವೃತ್ತ ಹಾಕಿ ಸುತ್ತಿಹೋಗುವುದನ್ನು ಪ್ರತ್ಯೇಕವಾಗಿ ಕಲಿಸಬೇಕು. ಬೀದಿನಾಯಿಗಳು ಮಲಗಿರುವ ಮಧ್ಯಾಹ್ನದ ಹೊತ್ತು ತಾರು ಕಾದಿರುತ್ತದೆ, ಪಾದ ಸುಡುತ್ತದೆ. ಹಾಗಾಗಿ ಬೆಳಗಿನ ಐದೂವರೆ ಒಳ್ಳೆಯದು. ಇಷ್ಟೆಲ್ಲ ಪಾಡು ಯಾಕೆ, ಕಟ್ಟಿಹಾಕಿದರಾಯಿತು ಎನ್ನುವವರಿಗೆ 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯ 11ನೇ ಸೆಕ್ಷನ್ ತೋರಿಸುತ್ತೇನೆ. ಸದಾ ಕಟ್ಟಿಹಾಕಿದ ನಾಯಿಗೆ ತಕ್ಕಷ್ಟು ವ್ಯಾಯಾಮ ಕೊಡಿಸದಿರುವುದು ಅಲ್ಲಿ ಅಪರಾಧಗಳ ಪಟ್ಟಿಯಲ್ಲಿದೆ.

ಚುಕ್ಕಿಗೆ ಈಗ ಹದಿನಾಲ್ಕು ತಿಂಗಳು. ಹೊಂಗೆಮರದವರೆಗೆ ಕೊಕ್ಕೆ ಜೋತುಬಿದ್ದೇ ಇರುತ್ತದೆ. ಅದರಾಚೆ ಮೂರನೆಯ ಮನೆಯ ಕಾಂಪೌಂಡಿನ ಮೇಲೆ ಒಂದು ಬಿಳಿ ಬೆಕ್ಕು ಕೂತಿರುತ್ತದೆ. ಅಲ್ಲಿ ಹಗ್ಗ ಬಿಗಿಯಾಗುತ್ತದೆ, ನಾನು ನಿಲ್ಲುತ್ತೇನೆ, ಎಡಗಿವಿ ಹೊರಳುವುದನ್ನು ಕಾಯುತ್ತೇನೆ.