ಗೌತಮಪುರದ ಫುಟ್‌ಬಾಲ್ ಭರವಸೆ

ವಿಶ್ವಕಪ್ ಹತ್ತಿರ ಬಂತೆಂದರೆ ಬೆಂಗಳೂರಿನ ಹಲಸೂರಿನಲ್ಲಿರುವ ಗೌತಮಪುರದ ಗಲ್ಲಿಗಳಿಗೆ ಬ್ರೆಜಿಲ್ ತಂಡದ ಹಳದಿ–ಹಸಿರು ಬಣ್ಣ ಏರುತ್ತದೆ. ಬ್ರೆಜಿಲ್ ಕೊನೆಯ ಸಲ ಕಪ್ ಗೆದ್ದಿದ್ದು 2002ರಲ್ಲಿ. ಆದರೂ ಮೊದಲ ಸೀಟಿಗೆ ಮುನ್ನ ಇಲ್ಲಿ ಸೋಲಿನ ಮಾತು ಕೇಳುವುದು ಅಪರೂಪ. ಬುದ್ಧ, ಅಂಬೇಡ್ಕರ್, ಮದರ್ ತೆರೇಸಾ ಜೊತೆಗೇ ಇಲ್ಲಿ ಪೆಲೆಯ ಪ್ರತಿಮೆಯೂ ಇದೆ.

ಈ ಭರವಸೆಗೆ ಗಟ್ಟಿ ಬುಡವಿದೆ.

ದಂಡು ಪ್ರದೇಶದ ಮೈದಾನಗಳಲ್ಲಿ ಬ್ರಿಟಿಷ್ ಸೈನಿಕರು ಆಡುತ್ತಿದ್ದ ಆಟವನ್ನು ಇಲ್ಲಿನ ಹುಡುಗರು ಬರಿಗಾಲಲ್ಲೇ ಕಲಿತರು. 1891ರಿಂದ ಗೋರಾ ಪಲ್ಟನ್‌ಗಳ ಪಾಲಾಗಿದ್ದ ರೋವರ್ಸ್ ಕಪ್ಪನ್ನು 1937ರಲ್ಲಿ ಗೆದ್ದ ಮೊದಲ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್. ಮರುವರ್ಷವೂ ಕಪ್ ಅವರದೇ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಏಕೈಕ ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. ಎರಡು ಪೆನಾಲ್ಟಿ ಕೈಚೆಲ್ಲಿದ ಭಾರತ 1–2ರಿಂದ ಸೋತಿತು, ನಿಜ. ಆದರೆ ಬರಿಗಾಲ ಆಟಗಾರರು ಲಂಡನ್ನಿನ ಪ್ರೇಕ್ಷಕರ ಮನ ಗೆದ್ದರು.

2013ರಲ್ಲಿ ಬೆಂಗಳೂರು ಎಫ್‌ಸಿ ಹುಟ್ಟಿದಾಗ ಅಶೋಕನಗರದ ಕ್ರೀಡಾಂಗಣದಲ್ಲಿ ನಿಂತೇ ಹಾಡುವ ಅಭಿಮಾನಿ ಬಳಗವೊಂದು ಬೆಳೆಯಿತು. ಹೊಸ ತಂಡ ಮೊದಲ ಋತುವಿನಲ್ಲೇ ಐ–ಲೀಗ್ ಗೆದ್ದು ಅವರ ನಂಬಿಕೆ ಉಳಿಸಿತು. ರಾಜ್ಯ ತಂಡಗಳ ನಡುವಿನ ಸಂತೋಷ್ ಟ್ರೋಫಿಗೆ ಮಾತ್ರ ದೀರ್ಘ ಕಾಯುವಿಕೆ ಬೇಕಾಯಿತು: ಅರ್ಧ ಶತಮಾನಕ್ಕೂ ಹೆಚ್ಚು ಕಾದ ಕರ್ನಾಟಕ 2023ರ ಮಾರ್ಚ್‌ನಲ್ಲಿ, ರಿಯಾದ್‌ನಲ್ಲಿ, ಮೇಘಾಲಯವನ್ನು 3–2ರಿಂದ ಸೋಲಿಸಿ ಅದನ್ನು ಮನೆಗೆ ತಂದಿತು.