ಸುರಪುರದ ಟಪಾಲು, ಹಡಗಿನ ಹೊಗೆ

ಯಾದಗಿರಿಯಿಂದ ಸಮುದ್ರ ದೂರ. ಮುಂಬೈಯೂ ದೂರ, ಮಂಗಳೂರೂ ದೂರ. ನಿಜಾಮರ ಕಾಲದ ಹತ್ತಿ ವ್ಯಾಪಾರದ ಮೇಲೆ ಪಿಎಚ್.ಡಿ. ಮಾಡುತ್ತಿರುವ ನಾನು ಈಗ ಹಡಗಿನ ಇಂಧನದ ಬಗ್ಗೆ ಓದುತ್ತಿದ್ದೇನೆಂದರೆ ಗೆಳೆಯರು ನಗುತ್ತಾರೆ. ಆದರೆ ಶಹಾಪುರ, ಸುರಪುರದ ಎರೆಹೊಲದ ಹತ್ತಿಯ ಜಾಡು ಹಿಡಿದು ಹೊರಟವರು ಬಂದರಿನ ಕಟ್ಟೆಯ ಮೇಲೆ ನಿಂತುಬಿಡಲು ಆಗುವುದಿಲ್ಲ. ಅಲ್ಲಿಂದ ಮುಂದೆ ಅದನ್ನು ಹೊತ್ತೊಯ್ದದ್ದು ಯಾವುದು, ಆ ಹಡಗು ಏನನ್ನು ಸುಡುತ್ತಿತ್ತು ಎಂದು ಕೇಳಲೇಬೇಕಾಗುತ್ತದೆ.

ಸುರಪುರದ ಟೇಲರ್ ಮಂಜಿಲ್ ನೋಡಿದವರಿಗೆ ಫಿಲಿಪ್ ಮೆಡೋಸ್ ಟೇಲರ್ ಹೊಸಬನಲ್ಲ. ಅವನು ಹುಟ್ಟಿದ್ದು 1808ರಲ್ಲಿ, ಲಿವರ್‌ಪೂಲಿನಲ್ಲಿ. ಜಗತ್ತಿನ ಹತ್ತಿಯೆಲ್ಲ ಇಳಿಯುತ್ತಿದ್ದ ಊರು ಅದು. 1824ರಲ್ಲಿ, ಇನ್ನೂ ಹದಿನಾರು ತುಂಬದ ಹುಡುಗನಾಗಿ, ಹಾಯಿಹಡಗಿನಲ್ಲಿ ಮುಂಬೈಗೆ ಬಂದ. ಆಗ ಹಡಗು ಓಡಿಸುತ್ತಿದ್ದುದು ಗಾಳಿ. ಹೊಗೆ ಎಂದರೆ ಅಡುಗೆ ಒಲೆಯದಷ್ಟೇ. 1841ರಿಂದ 1853ರವರೆಗೆ ಅವನು ಸುರಪುರದಲ್ಲಿದ್ದ. ವೆಂಕಟಪ್ಪ ನಾಯಕ ಬಾಲಕನಾಗಿದ್ದಾಗ ಸಂಸ್ಥಾನದ ಆಡಳಿತ ನೋಡಿಕೊಂಡವನು ಅವನೇ. ಲಂಡನ್ನಿನ ಟೈಮ್ಸ್ ಪತ್ರಿಕೆಗೂ ಆಗ ವರದಿ ಬರೆಯುತ್ತಿದ್ದ. ಆದರೆ ಅಷ್ಟರಲ್ಲಿ ಟಪಾಲಿನ ದಾರಿ ಬದಲಾಗಿತ್ತು. ಮುಂಬೈಯಿಂದ ಸೂಯೆಜ್‌ವರೆಗೆ ಉಗಿಹಡಗು, ಅಲ್ಲಿಂದ ಈಜಿಪ್ಟಿನ ಮರಳು ದಾಟಿ ಅಲೆಕ್ಸಾಂಡ್ರಿಯಾ, ಮತ್ತೆ ಹಡಗು.

ಆ ದಾರಿಯನ್ನು ಮೊದಲು ತೋರಿಸಿದ್ದು ಮುಂಬೈಯಲ್ಲೇ ಕಟ್ಟಿದ ಹ್ಯೂ ಲಿಂಡ್ಸೆ ಎಂಬ ಹಡಗು. 1830ರ ಮಾರ್ಚ್ 20ಕ್ಕೆ ಮುಂಬೈ ಬಿಟ್ಟು ಏಪ್ರಿಲ್ 22ಕ್ಕೆ ಸೂಯೆಜ್ ಮುಟ್ಟಿತು. ಏಡನ್‌ವರೆಗೆ ಹೋಗಲು ಬೇಕಾದಷ್ಟು ಕಲ್ಲಿದ್ದಲು ಇಡುವ ಜಾಗವೇ ಅದರಲ್ಲಿರಲಿಲ್ಲ. ಪ್ರಯಾಣಿಕರ ಕೋಣೆಗಳಿಗೂ ಕಲ್ಲಿದ್ದಲು ತುಂಬಿದರು. ಉಗಿಹಡಗಿಗೆ ದಾರಿಯಲ್ಲಿ ಮೇವು ಬೇಕಲ್ಲ, ಅದಕ್ಕೆ 1839ರ ಜನವರಿಯಲ್ಲಿ ಕಂಪನಿ ಸರ್ಕಾರ ಏಡನ್ನನ್ನೇ ಗೆದ್ದುಕೊಂಡಿತು. ತಮಾಷೆಯೆಂದರೆ, ಏಡನ್ನಿನ ರಾಶಿಗೆ ಕಲ್ಲಿದ್ದಲು ತಂದು ಸುರಿಯುತ್ತಿದ್ದುದು ಬ್ರಿಟನ್ನಿನಿಂದ ಬರುವ ಹಾಯಿಹಡಗುಗಳು.

1869ರಲ್ಲಿ ಸೂಯೆಜ್ ಕಾಲುವೆ ತೆರೆಯಿತು. 1871ರಲ್ಲಿ ಮುಂಬೈಯ ಜಿ.ಐ.ಪಿ. ರೈಲುದಾರಿ ಕಲಬುರಗಿ, ವಾಡಿ, ಯಾದಗಿರಿ ಹಾದು ರಾಯಚೂರಿನಲ್ಲಿ ಮದ್ರಾಸಿನ ದಾರಿಯನ್ನು ಕೂಡಿಕೊಂಡಿತು. ಈ ಎರಡನ್ನೂ ಒಟ್ಟಿಗೆ ಓದಬೇಕು ಎನ್ನುವುದು ನನ್ನ ಅಭಿಪ್ರಾಯ. ಎತ್ತಿನ ಮೇಲೆ, ಬಂಡಿಯ ಮೇಲೆ ವಾರಗಟ್ಟಲೆ ಸಾಗಬೇಕಿದ್ದ ಹತ್ತಿ ಈಗ ಯಾದಗಿರಿ ಸ್ಟೇಷನ್ನಿನಿಂದ ಲಂಕಾಷೈರಿನವರೆಗೂ ಕಲ್ಲಿದ್ದಲಿನ ಹೊಗೆಯಲ್ಲೇ ಹೋಗಬಹುದಿತ್ತು. ಆ ಹಡಗುಗಳ ಕುಲುಮೆಗೆ ಕಲ್ಲಿದ್ದಲು ಎರಚಿದವರಲ್ಲಿ ಬಹಳ ಜನ ನಮ್ಮ ಉಪಖಂಡದ ಲಸ್ಕರುಗಳು. ಹೊಗೆಯ ಚರಿತ್ರೆ ಬರೆಯುವವರು ಚಿಮಣಿಯನ್ನು ನೋಡುತ್ತಾರೆ, ಅದರ ಬುಡದಲ್ಲಿದ್ದವರನ್ನು ನೋಡುವುದು ಕಡಿಮೆ.

ಕಲ್ಲಿದ್ದಲು ಬಿಟ್ಟು ಎಣ್ಣೆಗೆ ಹೋದದ್ದೂ ಗಾಳಿಯ ಮೇಲಿನ ಕನಿಕರದಿಂದಲ್ಲ. ಮೊದಲ ಮಹಾಯುದ್ಧಕ್ಕೆ ಮುಂಚೆ ಚರ್ಚಿಲ್ ಬ್ರಿಟಿಷ್ ನೌಕಾಪಡೆಯನ್ನು ಎಣ್ಣೆಯತ್ತ ತಿರುಗಿಸಿದ್ದು ವೇಗಕ್ಕಾಗಿ. ವ್ಯಾಪಾರಿ ಹಡಗುಗಳಿಗೆ ಲಾಭ ಬೇರೆ: ಕಲ್ಲಿದ್ದಲು ಎರಚುವ ಆಳುಗಳು ಬೇಡ, ಜಾಗವೂ ಉಳಿತಾಯ. ಎರಡನೆಯ ಮಹಾಯುದ್ಧದ ನಂತರ ಹಡಗಿನ ಡೀಸೆಲ್ ಎಂಜಿನ್ನುಗಳು ಇನ್ನೂ ಅಗ್ಗದ ದಾರಿ ಕಂಡುಕೊಂಡವು. ಪೆಟ್ರೋಲು, ಡೀಸೆಲು, ಸೀಮೆಎಣ್ಣೆ ಎಲ್ಲ ತೆಗೆದ ಮೇಲೆ ರಿಫೈನರಿಯ ತಳದಲ್ಲಿ ಉಳಿಯುವ ಗಸಿ ಇದೆಯಲ್ಲ, ಅದನ್ನೇ ಸುಡತೊಡಗಿದವು. ಡಾಂಬರಿನ ಹತ್ತಿರದ ನೆಂಟ ಅದು. ನೂರು ಡಿಗ್ರಿಗಿಂತ ಹೆಚ್ಚು ಕಾಯಿಸದೆ ಎಂಜಿನ್ನಿಗೆ ಬಿಡಲಾಗದಷ್ಟು ಮಂದ. ಅದರಲ್ಲಿ ಗಂಧಕ ವಿಪರೀತ.

ಗಂಧಕ ನಮ್ಮವರಿಗೆ ಗೊತ್ತಿರುವ ವಸ್ತು. ಮೆಣಸಿನಕಾಯಿ ಗಿಡಕ್ಕೆ ಬೂದಿರೋಗ ಬಂದರೆ ಹೊಡೆಯುವುದು ಅದನ್ನೇ. ಆದರೆ ಉರಿದಾಗ ಅದು ಗಂಟಲು ಕಟ್ಟಿಸುವ ಅನಿಲ. ಗಾಳಿಯಲ್ಲಿ ಆಮ್ಲದ ಸಣ್ಣ ಕಣಗಳಾಗಿ, ಬಂದರಿನ ಸುತ್ತಲಿನ ಜನರ ಶ್ವಾಸಕೋಶಕ್ಕೆ ಇಳಿಯುತ್ತದೆ. ಸಮುದ್ರ ಮಾಲಿನ್ಯದ ಅಂತರರಾಷ್ಟ್ರೀಯ ಒಪ್ಪಂದವಾದ ಮಾರ್ಪೋಲ್ 1973ರದ್ದು. ಅದಕ್ಕೆ ಗಾಳಿಯ ಅಧ್ಯಾಯ ಸೇರಿದ್ದು 1997ರಲ್ಲಿ, ಜಾರಿಗೆ ಬಂದದ್ದು 2005ರಲ್ಲಿ. ಆಗ ಇಂಧನದಲ್ಲಿ ಶೇ. 4.5ರಷ್ಟು ಗಂಧಕ ಇರಬಹುದಿತ್ತು. 2012ರಿಂದ ಶೇ. 3.5. 2020ರ ಜನವರಿ 1ರಿಂದ ಶೇ. 0.5.

ಅದೇ 2020ರ ಏಪ್ರಿಲ್ 1ರಂದು ಭಾರತದಲ್ಲಿ ಬಿಎಸ್-6 ಇಂಧನ ಬಂತು. ಶಹಾಪುರದ ಟ್ರ್ಯಾಕ್ಟರಿಗೆ ಬಂಕಿನಲ್ಲಿ ಹಾಕಿಸುವ ಡೀಸೆಲ್‌ನಲ್ಲಿ ಈಗ ಹತ್ತು ಲಕ್ಷ ಭಾಗಕ್ಕೆ 10 ಭಾಗಕ್ಕಿಂತ ಹೆಚ್ಚು ಗಂಧಕ ಇರುವಂತಿಲ್ಲ. ಹಡಗಿಗೆ, ಇಷ್ಟೆಲ್ಲ ಬಿಗಿ ಮಾಡಿದ ಮೇಲೂ, 5,000 ಭಾಗ. ಅದಕ್ಕೆ ಮುಂಚೆ 35,000. ಆ ಟ್ರ್ಯಾಕ್ಟರು ಓಡಾಡುವ ನಾರಾಯಣಪುರ ಕಾಲುವೆಯ ಗದ್ದೆಗೆ ಬೀಳುವ ಪೊಟ್ಯಾಷ್ ಬಂದದ್ದು ಹಡಗಿನಲ್ಲೇ. ನಮ್ಮ ದೇಶ ಪೊಟ್ಯಾಷನ್ನು ಬಹುತೇಕ ಪೂರ್ತಿ ಹೊರಗಿನಿಂದಲೇ ತರಿಸುತ್ತದೆ. ಅಂದರೆ ನೆಲದ ಮೇಲೆ ನಿಷಿದ್ಧವಾದ ಕೊಳೆಯನ್ನು ನಾವು ಯಾರ ಮನೆಯೂ ಇಲ್ಲದ ಕಡೆ ಸುಟ್ಟು ಬಂದಿದ್ದೇವೆ. ಯಾರ ಮನೆಯೂ ಇಲ್ಲ ಎನ್ನುವುದೂ ಸುಳ್ಳು. ಪಣಂಬೂರಿನಂಥ ಬಂದರುಗಳ ಪಕ್ಕದಲ್ಲೇ ಊರುಗಳಿವೆ.

ಹೊಸ ನಿಯಮಕ್ಕೂ ಅಡ್ಡದಾರಿ ಇದೆ. ಚಿಮಣಿಯಲ್ಲಿ ಸ್ಕ್ರಬ್ಬರ್ ಕೂರಿಸಿ ಹೊಗೆಯನ್ನು ನೀರಿನಲ್ಲಿ ತೊಳೆದರೆ ಹಳೆಯ ಗಸಿಯನ್ನೇ ಸುಡಬಹುದು. ಎಷ್ಟೋ ಹಡಗುಗಳು ತೊಳೆದ ನೀರನ್ನು ಸಮುದ್ರಕ್ಕೇ ಬಿಡುತ್ತವೆ. ಇನ್ನೊಂದು ವಿಚಿತ್ರವೂ ಇದೆ: ಗಂಧಕದ ಕಣಗಳು ಸಮುದ್ರದ ಮೇಲಿನ ಮೋಡಗಳನ್ನು ಬೆಳ್ಳಗಾಗಿಸಿ ಬಿಸಿಲನ್ನು ಹಿಂದಕ್ಕೆ ಕಳಿಸುತ್ತಿದ್ದವು. ಅವು ಕಡಿಮೆಯಾದ ಮೇಲೆ ಆ ನೆರಳೂ ತೆಳುವಾಯಿತು.

ಇನ್ನು ಇಂಗಾಲದ ಮಾತು. ಮನುಷ್ಯರು ಬಿಡುವ ಇಂಗಾಲದ ಡೈಆಕ್ಸೈಡಿನಲ್ಲಿ ಸುಮಾರು ಶೇ. 3ರಷ್ಟು ಹಡಗುಗಳದ್ದು. 2050ರ ಆಸುಪಾಸಿಗೆ ಅದನ್ನು ನಿವ್ವಳ ಶೂನ್ಯಕ್ಕೆ ಇಳಿಸುವ ಗುರಿಯನ್ನು ಅಂತರರಾಷ್ಟ್ರೀಯ ಸಮುದ್ರಯಾನ ಸಂಸ್ಥೆ 2023ರಲ್ಲಿ ಒಪ್ಪಿತು. ಅದಕ್ಕೆ ಬೇಕಾದ ನಿಯಮಗಳ ತೀರ್ಮಾನವನ್ನು 2025ರ ಅಕ್ಟೋಬರಿನಲ್ಲಿ ಒಂದು ವರ್ಷ ಮುಂದಕ್ಕೆ ಹಾಕಿತು. ಹೊಸ ಇಂಧನಗಳ ಪಟ್ಟಿಯಲ್ಲಿ ಮೆಥನಾಲ್ ಇದೆ, ದ್ರವರೂಪದ ನೈಸರ್ಗಿಕ ಅನಿಲ ಇದೆ. ನನಗೆ ಮುಖ್ಯವೆನಿಸುವುದು ಅಮೋನಿಯಾ. ಉರಿದರೆ ಅದರಲ್ಲಿ ಇಂಗಾಲವಿಲ್ಲ. ಆದರೆ ಯೂರಿಯಾ ಆಗುವುದೂ ಅಮೋನಿಯಾದಿಂದಲೇ. ಈಗ ಅದನ್ನು ಮಾಡುವುದು ಹೆಚ್ಚಾಗಿ ನೈಸರ್ಗಿಕ ಅನಿಲದಿಂದ, ಆ ಅನಿಲವೂ ನಮಗೆ ಬಹುಪಾಲು ಹಡಗಿನಲ್ಲಿ ಬರುತ್ತದೆ. ಹಸಿರು ಅಮೋನಿಯಾ ಮಾಡುವ ಕಾರ್ಖಾನೆಗಳು ಎದ್ದಾಗ ಅವುಗಳ ಬಾಗಿಲಲ್ಲಿ ಗೊಬ್ಬರದವರು ಮಾತ್ರ ಇರುವುದಿಲ್ಲ, ಹಡಗಿನ ಕಂಪನಿಗಳೂ ಇರುತ್ತವೆ. ಮುಂಗಾರು ಶುರುವಾದರೆ ಯೂರಿಯಾ ಚೀಲಕ್ಕಾಗಿ ಸೊಸೈಟಿಯ ಮುಂದೆ ಸಾಲು ನಿಲ್ಲುವ ಸುರಪುರದ ರೈತ, ಆ ಸಾಲಿನಲ್ಲಿ ಎಷ್ಟನೆಯವನಾಗುತ್ತಾನೆ ಎಂಬುದನ್ನು ಯಾವ ನಿಯಮದ ಕರಡಿನಲ್ಲೂ ನಾನು ಇನ್ನೂ ಓದಿಲ್ಲ.