ಯಾರು ಗೆಲ್ತಾರ? ಮೊದಲು ಬರದಿಡು, ಆಮ್ಯಾಲೆ ಮಾತಾಡು

ಭಾಗ 1/7
ಫೋಟೊದಾಗ ಇರೋದು ರೋಣದ ಬಸ್ ಸ್ಟ್ಯಾಂಡ್, ನಸುಕಿನ ಐದು ಗಂಟೆ. ಎರಡು ವರ್ಷದ ಹಿಂದ ಚಳಿಗಾಲದಾಗ ನನ್ನ ಗೆಳೆಯ ಒಬ್ಬ ಇಲ್ಲೇ ಕುಂತು ಫೋನ್ ನೋಡ್ತಿದ್ದ. ಅಮೆರಿಕದಾಗ ಭಾನುವಾರ ಸಂಜೀ ಮ್ಯಾಚ್ ಅಂದ್ರ ನಮಗ ಸೋಮವಾರ ನಸುಕು. ಆಟ ಯಾವುದು? ಅಮೆರಿಕನ್ ಫುಟ್‌ಬಾಲ್, ಚೆಂಡು ಕೈಯಾಗ ಹಿಡಕೊಂಡು ಓಡೋದು. ‘ಒಂದ್ ಟೀಮಿಗೆ ಎಷ್ಟು ಮಂದಿಲೇ?’ ಅಂದೆ. ಅವಂಗ ಗೊತ್ತಿರಲಿಲ್ಲ. (ಹನ್ನೊಂದು.) ಆದ್ರ ಯಾರು ಗೆಲ್ತಾರ ಅನ್ನೋದು ಮಾತ್ರ ಗ್ಯಾರಂಟಿ ಗೊತ್ತಿತ್ತಂತ. ಆ ವಾರ ಅವನ ಹಾಸ್ಟೆಲ್ ಫೀ ರೊಕ್ಕ ಒಂದು ಆ್ಯಪ್‌ನಾಗ ಹೋತು.
‘ಹಿಂದ ನಾಕ್ ಸಲ ನಾ ಹೇಳಿದ್ದು ಖರೇ ಆಗಿತ್ತು’ ಅಂದ.
‘ಸುಳ್ಳಾಗಿದ್ದು ಎಷ್ಟ್ ಸಲ?’
ಲೆಕ್ಕ ಇಟ್ಟಿರಲಿಲ್ಲ. ಈ ಸರಣಿ ಪೂರ್ತಿ ಆ ಇಡದ ಲೆಕ್ಕದ ಬಗ್ಗೆ.

ಭಾಗ 2/7
ಆ ಆಟದ ಭವಿಷ್ಯವಾಣಿಗಳಲ್ಲಿ ಎಲ್ಲಕ್ಕಿಂತ ಹೆಸರಾದದ್ದು 1969ರ ಜನವರಿಯದು. ಮೂರನೇ ಸೂಪರ್ ಬೌಲ್, ನ್ಯೂಯಾರ್ಕ್ ಜೆಟ್ಸ್ ವಿರುದ್ಧ ಬಾಲ್ಟಿಮೋರ್ ಕೋಲ್ಟ್ಸ್. ಕೋಲ್ಟ್ಸ್ 18 ಪಾಯಿಂಟ್ ಅಂತರದಿಂದ ಗೆಲ್ತಾರೆ ಅಂತ ಬಾಜಿ ಕಟ್ಟೋರ ಅಂದಾಜಿತ್ತು. ಜೆಟ್ಸ್‌ನ ಜೋ ನೇಮತ್ ಮಾತ್ರ ‘ನಾವೇ ಗೆಲ್ತೀವಿ, ಗ್ಯಾರಂಟಿ’ ಅಂತ ಎಲ್ಲರ ಮುಂದ ಹೇಳಿಬಿಟ್ಟ. ಜನವರಿ 12ಕ್ಕೆ ಜೆಟ್ಸ್ 16-7ರಿಂದ ಗೆದ್ದರು. ಇವತ್ತಿಗೂ ಆ ಮಾತು ಜನರ ಬಾಯಾಗ ಅದ.
ಆದ್ರ ವಿಚಾರ ಮಾಡ್ರಿ. ‘ನಾವೇ ಗೆಲ್ತೀವಿ’ ಅಂದು ಸೋತ ಆಟಗಾರರು ಎಷ್ಟು ಮಂದಿ ಇರಬೇಕು? ಅವರ ಹೆಸರು ಯಾರಿಗೂ ನೆನಪಿಲ್ಲ. ಖರೇ ಆದ ಮಾತು ಕಥೆ ಆಗ್ತದ, ಸುಳ್ಳಾದ ಮಾತು ಗಾಳ್ಯಾಗ ಹೋಗ್ತದ.

ಭಾಗ 3/7
ಈಗ ಬಾಜಿ ಲೆಕ್ಕ. ಬರೀ ‘ಯಾರು ಗೆಲ್ತಾರ’ ಅಂತ ಕೇಳಿದ್ರ ಎಲ್ಲರೂ ಗಟ್ಟಿ ಟೀಮಿನ ಕಡೆಗೇ ರೊಕ್ಕ ಹಾಕ್ತಾರ. ಅದಕ್ಕ 1940ರ ದಶಕದಲ್ಲಿ ಅಮೆರಿಕದ ಬಾಜಿ ಅಂಗಡಿಗಳು ‘ಪಾಯಿಂಟ್ ಸ್ಪ್ರೆಡ್’ ಅನ್ನೋ ಪದ್ಧತಿ ಹಿಡಿದವು. ಅದನ್ನ ಹುಟ್ಟುಹಾಕಿದ ಶ್ರೇಯ ಸಾಮಾನ್ಯವಾಗಿ ಶಿಕಾಗೋದ ಚಾರ್ಲ್ಸ್ ಮೆಕ್‌ನೀಲ್‌ಗೆ ಹೋಗ್ತದ. ಮೊದಲು ಗಣಿತದ ಮಾಸ್ತರ ಆಗಿದ್ದವ! ಗಟ್ಟಿ ಟೀಮಿಗೆ 7 ಪಾಯಿಂಟ್ ಸ್ಪ್ರೆಡ್ ಇದ್ರ, ಅದು ಬರೀ ಗೆದ್ರ ಸಾಲದು, 7ಕ್ಕಿಂತ ಹೆಚ್ಚು ಅಂತರದಿಂದ ಗೆಲ್ಲಬೇಕು. ಅಂದ್ರ ಎರಡೂ ಕಡೆ ತಕ್ಕಡಿ ಹೆಚ್ಚುಕಡಿಮೆ ಸಮ.
ಅಂಗಡಿಯವನ ಲಾಭ ಎಲ್ಲಿಂದ? ಅಲ್ಲಿ 100 ಗೆಲ್ಲಾಕ 110 ಇಡಬೇಕು. ಹಂಗಾಗಿ ನೂರರಾಗ 50 ಸಲ ನಿನ್ನ ಮಾತು ಖರೇ ಆದ್ರೂ ನೀ ನಷ್ಟದಾಗ ಇರ್ತಿ. ರೊಕ್ಕ ಸರಿದೂಗಬೇಕಂದ್ರ ನೂರಕ್ಕ ಸುಮಾರು 52.4 ಸಲ ಸರಿ ಆಗಬೇಕು. ಆ ಆಟಾನ ಉಂಡು ಬೆಳೆದವರಿಗೇ ಇದು ಕಷ್ಟ. ಟೀಮಿಗೆ ಎಷ್ಟು ಮಂದಿ ಅಂತ ಗೊತ್ತಿಲ್ಲದ ನಮ್ಮ ಗೆಳೆಯಗ?

ಭಾಗ 4/7
ನಗಬ್ಯಾಡ್ರಿ, ನಾವೂ ಕಮ್ಮಿ ಇಲ್ಲ. ಕರ್ನಾಟಕದ ಅತಿ ದೊಡ್ಡ ಭವಿಷ್ಯವಾಣಿ ಯಾವುದು ಹೇಳ್ರಿ? ಈ ಸಲ ಕಪ್ ನಮ್ದೇ!
2008ರಿಂದ ವರ್ಷಾ ಇದನ್ನೇ ಹೇಳಿದ್ವಿ ಅಂತ ಇಟ್ಕೊಳ್ರಿ. 2009ರ ಫೈನಲ್‌ನಲ್ಲಿ ಡೆಕ್ಕನ್ ಚಾರ್ಜರ್ಸ್ ಎದುರು 6 ರನ್ನಿನಿಂದ ಸೋತ್ವಿ. 2011ರಾಗ ಚೆನ್ನೈ, 2016ರಾಗ ಹೈದರಾಬಾದ್. 2013ರ ಏಪ್ರಿಲ್ 23ಕ್ಕೆ 263 ರನ್ ಹೊಡೆದ ಟೀಮು, 2017ರ ಅದೇ ಏಪ್ರಿಲ್ 23ಕ್ಕೆ 49ಕ್ಕೆ ಆಲೌಟ್! ಕೊನೆಗೆ 2025ರ ಜೂನ್ 3ಕ್ಕೆ ಪಂಜಾಬ್ ಎದುರು ಗೆದ್ವಿ, ಅದೂ ಸರಿಯಾಗಿ 6 ರನ್ನಿನಿಂದ.
ಲೆಕ್ಕ: 18ರಲ್ಲಿ 1 ಸರಿ, 17 ತಪ್ಪು. ಐಪಿಎಲ್‌ನಲ್ಲಿ ಇದ್ದದ್ದು ಎಂಟರಿಂದ ಹತ್ತು ಟೀಮು. ಕಣ್ಣು ಮುಚ್ಚಿ ವರ್ಷಕ್ಕೊಂದು ಹೆಸರಿನ ಮ್ಯಾಲೆ ಬೆರಳಿಟ್ಟಿದ್ರೂ ಸರಾಸರಿ ಎರಡು ಸಲ ಸರಿ ಆಗ್ತಿತ್ತು.
ಇನ್ನೊಂದು ಮಾತು. ಕಪ್ ಮೊದಲು ತಂದೋರು ಹುಡುಗ್ಯಾರು. 2024ರ ಮಾರ್ಚ್ 17ಕ್ಕೆ ಡಬ್ಲ್ಯೂಪಿಎಲ್ ಫೈನಲ್‌ನಾಗ ದೆಹಲಿಯನ್ನ 8 ವಿಕೆಟ್‌ನಿಂದ ಸೋಲಿಸಿದ್ರು, ಶ್ರೇಯಾಂಕಾ ಪಾಟೀಲ್‌ಗೆ 12 ರನ್ನಿಗೆ 4 ವಿಕೆಟ್. ನಮ್ಮ ಗ್ರೂಪಿನಾಗ ಅವರ ಹೆಸರಲ್ಲಿ ಒಬ್ಬನೂ ಭವಿಷ್ಯ ಹೇಳಿರಲಿಲ್ಲ.
2025ರ ಜೂನ್ 4ರ ಸಂಜೆ ಬೆಂಗಳೂರಿನ ಕಾಲ್ತುಳಿತದಲ್ಲಿ 11 ಮಂದಿ ತೀರಿಕೊಂಡರು. ಗೆದ್ದ ಖುಷಿ ಒಂದೇ ದಿನದ್ದಾತು.

ಭಾಗ 5/7
ಹಂಗಾದ್ರ ಭವಿಷ್ಯ ಹೇಳೋದೇ ತಪ್ಪಾ? ಅಲ್ಲ. ನಮ್ಮ ಜಿಲ್ಲೆಯವನ ಕಥೆ ಕೇಳ್ರಿ. ಸುನೀಲ್ ಜೋಶಿ, ಗದಗಿನ ಹುಡುಗ, ಪ್ರಾಕ್ಟೀಸಿಗೆ ಹುಬ್ಬಳ್ಳಿಗೆ ಹೋಗಿ ಬರ್ತಿದ್ದವ. 1999ರ ಸೆಪ್ಟೆಂಬರ್ 26, ನೈರೋಬಿ, ಎದುರಿಗೆ ದಕ್ಷಿಣ ಆಫ್ರಿಕಾ. ಮೂರೇ ತಿಂಗಳ ಹಿಂದ ವಿಶ್ವಕಪ್ ಸೆಮಿಫೈನಲ್ ಟೈ ಮಾಡಿ ಹೊರಗ ಬಂದ ಗಟ್ಟಿ ಟೀಮು. ಜೋಶಿ ಬೌಲಿಂಗ್: 10 ಓವರ್, 6 ಮೇಡನ್, 6 ರನ್, 5 ವಿಕೆಟ್. ಅವರು 117ಕ್ಕೆ ಆಲೌಟ್, ಭಾರತಕ್ಕೆ 8 ವಿಕೆಟ್ ಗೆಲುವು.
ಆವತ್ತು ಮುಂಜಾನೆ ‘ದಕ್ಷಿಣ ಆಫ್ರಿಕಾಕ್ಕೆ ನೂರಕ್ಕೆ 60’ ಅಂದವ ದಡ್ಡ ಅಲ್ಲ. ಉಳಿದ 40 ಅನ್ನೋದೂ ಒಂದಿನ ಬಂದೇ ಬರ್ತದ. ‘ನೂರಕ್ಕೆ ನೂರು’ ಅಂದವ ಮಾತ್ರ ತಪ್ಪು ಮಾಡಿದ.

ಭಾಗ 6/7
ಈ ತಪ್ಪು ಆಟಕ್ಕಷ್ಟೇ ಅಲ್ಲ, ಹಿಸ್ಟರಿ ಪೇಪರ್‌ನಾಗೂ ಮಾಡ್ತೀವಿ. ಫೋಟೊದಾಗ ನರಗುಂದ ಗುಡ್ಡ. 1785ರಲ್ಲಿ ವೆಂಕಟರಾವ್ ಭಾವೆಯ ಈ ಕೋಟೆಗೆ ಟಿಪ್ಪುವಿನ ಸೈನ್ಯ ಮುತ್ತಿಗೆ ಹಾಕಿ, ಕೊನೆಗೆ ಗೆದ್ದಿತು. ಗೆದ್ದವ ಟಿಪ್ಪು, ಮುಗೀತಲ್ಲ? ಇಲ್ಲ. 1787ರಲ್ಲಿ ಮರಾಠರ ಜೊತೆ ಗಜೇಂದ್ರಗಡ ಒಪ್ಪಂದ ಆಗಿ, ಅದೇ ನರಗುಂದ ಮರಾಠರ ಕಡೆಗೆ ವಾಪಸ್ ಹೋಯಿತು. ಎರಡೇ ವರ್ಷದಾಗ ಉತ್ತರ ಬದಲಾತು.
1858ರಲ್ಲಿ ಬಾಬಾಸಾಹೇಬ ಬ್ರಿಟಿಷರ ವಿರುದ್ಧ ಎದ್ದ. ಅವನನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. ನಾವು ಕ್ಲಾಸಿನಾಗ ಕುಂತು ‘ಸೋಲೋದು ಗೊತ್ತೇ ಇತ್ತಲ್ಲ’ ಅಂತೀವಿ. ಯಾರಿಗೆ ಗೊತ್ತಿತ್ತು? ನಮಗ, ಪುಸ್ತಕದ ಕೊನೇ ಹಾಳಿ ಓದಿದ ಮ್ಯಾಲೆ. ಆ ದಿನ ಕತ್ತಿ ಹಿಡಿದವರ ಮುಂದ ಆ ಹಾಳಿ ಇರಲಿಲ್ಲ.

ಭಾಗ 7/7
2025ರ ಆಗಸ್ಟ್‌ನಲ್ಲಿ ಸಂಸತ್ತು ಕಾಯ್ದೆ ಮಾಡಿ, ರೊಕ್ಕ ಕಟ್ಟಿ ಆಡೋ ಆನ್‌ಲೈನ್ ಆಟಗಳನ್ನ ನಿಷೇಧಿಸಿತು, ಕೌಶಲದ ಆಟ ಅಂದ್ರೂ ಬಿಡಲಿಲ್ಲ. ಅದಕ್ಕೂ ಮೊದಲು 2021ರಲ್ಲಿ ಕರ್ನಾಟಕ ಇಂಥದ್ದೇ ಕಾಯ್ದೆ ತಂದಿತ್ತು, 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಅದನ್ನ ರದ್ದು ಮಾಡಿತು. ಕಾಯ್ದೆ ಬರ್ತಾವ, ಹೋಗ್ತಾವ. ‘ನಂಗ ಮೊದಲೇ ಗೊತ್ತಿತ್ತು’ ಅನ್ನೋ ಚಟ ನಮ್ಮೊಳಗೇ ಅದ.
ಕೊನೇ ಫೋಟೊ ಒಂದು ನೋಟ್‌ಬುಕ್. ಆ ಗೆಳೆಯಂದೇ. ಫೀ ಹೆಂಗೋ ಕಂತಿನಾಗ ಕಟ್ಟಿದ. ಈಗ ಮ್ಯಾಚಿನ ಮೊದಲು ತಾರೀಕು, ಟೀಮು, ನೂರಕ್ಕೆ ಎಷ್ಟು ಅಂತ ಬರೀತಾನ. ಒಂದು ಪೈಸಾನೂ ಹಾಕಂಗಿಲ್ಲ. 50 ಮ್ಯಾಚ್ ಆದ ಮ್ಯಾಲೆ ಎಣಿಸಿದ: 24 ಸರಿ, 26 ತಪ್ಪು. ನೋಡಿ ಸುಮ್ನ ಕುಂತ. ಆಮ್ಯಾಲೆ ನಕ್ಕ.
ನೀವೂ ಬರೀರಿ. ಮುಂದಿನ ಮ್ಯಾಚಿಗೆ ನಿಮ್ಮ ಟೀಮು, ನೂರಕ್ಕೆ ಎಷ್ಟು? ಕೆಳಗ ಹಾಕ್ರಿ. ಆದ್ರ ಸೋತ ಮ್ಯಾಲೆ ಕಾಮೆಂಟ್ ಡಿಲೀಟ್ ಮಾಡಂಗಿಲ್ಲ!

#ರೋಣ #ನರಗುಂದ #ಗಜೇಂದ್ರಗಡ #ನಮ್ಮಗದಗ #ಈಸಲಕಪ್‌ನಮ್ದೇ